ಮುಗಿದ ಕಥೆ, ಮುಗಿಯದ ಮುನಿಸು

(ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾನು ಮಾತನಾಡಲಿರುವುದು ಒಂದು ಟಿ.ವಿ. ಧಾರಾವಾಹಿಯ ಕೊನೆಯ ಕಂತಿನ ಬಗ್ಗೆ. ಸರಿಯಾಗಿ ಹೇಳಬೇಕೆಂದರೆ, ಆ ಕಂತಿಗಿಂತ ಹೆಚ್ಚಾಗಿ ಅದನ್ನು ನೋಡಿ ಮುನಿಸಿಕೊಂಡ ಜನರ ಬಗ್ಗೆ. ಓದುಗರ ಸಭೆಯಲ್ಲಿ ಟಿ.ವಿ.ಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಕಥೆಯೊಂದು ಹೇಗೆ ಮುಗಿಯಬೇಕು, ಅದನ್ನು ತೀರ್ಮಾನಿಸುವ ಹಕ್ಕು ಯಾರದು ಎಂಬ ಪ್ರಶ್ನೆ ಓದುಗರಿಗೂ ಸೇರಿದ್ದೇ. ಆ ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ಇಷ್ಟು ದೊಡ್ಡ ದನಿಯಲ್ಲಿ ಕೇಳಿಬಂದದ್ದು ಈ ಧಾರಾವಾಹಿಯ ವಿಷಯದಲ್ಲಿ.

2019ರ ಮೇ 19, ಭಾನುವಾರ ರಾತ್ರಿ. ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ 73ನೆಯ ಹಾಗೂ ಕಡೆಯ ಕಂತು ಪ್ರಸಾರವಾಯಿತು. ಆ ಒಂದೇ ರಾತ್ರಿ ಅಮೆರಿಕದಲ್ಲಿ ಅದನ್ನು ನೋಡಿದವರು 1 ಕೋಟಿ 93 ಲಕ್ಷ ಮಂದಿ. ಅದು ಆ ವಾಹಿನಿಯ ದಾಖಲೆ. ನಮ್ಮಲ್ಲಿ ಆಗ ಸೋಮವಾರ ಬೆಳಿಗ್ಗೆ ಆರೂವರೆ. ಲೋಕಸಭಾ ಚುನಾವಣೆಯ ಕೊನೆಯ ಹಂತದ ಮತದಾನ ಹಿಂದಿನ ದಿನವಷ್ಟೇ ಮುಗಿದಿತ್ತು, ಎಣಿಕೆಗೆ ಇನ್ನೂ ಮೂರು ದಿನ ಉಳಿದಿತ್ತು. ದೆಹಲಿಯ ಗದ್ದುಗೆ ಯಾರಿಗೆಂದು ದೇಶವೆಲ್ಲ ಲೆಕ್ಕ ಹಾಕುತ್ತಿದ್ದ ಹೊತ್ತಿನಲ್ಲಿ ನಮ್ಮ ನಗರಗಳ ಎಷ್ಟೋ ಯುವಕ ಯುವತಿಯರು, ಕೆಲಸಕ್ಕೆ ಹೊರಡುವ ಮುನ್ನ ಹಾಟ್‌ಸ್ಟಾರ್ ತೆರೆದು, ಇನ್ನೊಂದು ಗದ್ದುಗೆ ಯಾರ ಪಾಲಾಯಿತೆಂದು ನೋಡುತ್ತಿದ್ದರು.

ಇಲ್ಲೊಂದು ಒಗಟಿದೆ. ವಾಹಿನಿಯ ಚರಿತ್ರೆಯಲ್ಲೇ ಅತಿ ಹೆಚ್ಚು ಜನ ನೋಡಿದ ಸೀಸನ್ ಇದು. ಅದೇ ಸೀಸನ್ ಅತಿ ಹೆಚ್ಚು ಬೈಗುಳವನ್ನೂ ತಿಂದಿತು. ಇದನ್ನು ಹೊಸದಾಗಿ, ಬೇರೆ ಬರಹಗಾರರಿಂದ ಬರೆಸಿ ಮತ್ತೆ ಚಿತ್ರಿಸಬೇಕೆಂಬ ಮನವಿಗೆ ಕೊನೆಯ ಕಂತು ಬರುವ ಮುನ್ನವೇ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದಿದ್ದವು. ಅನಂತರ ಆ ಸಂಖ್ಯೆ ಹದಿನೆಂಟು ಲಕ್ಷದ ಆಸುಪಾಸಿಗೆ ಏರಿತು. ಸಿಟ್ಟಾದವರು ನೋಡುವುದನ್ನು ಬಿಡಲಿಲ್ಲ, ನೋಡಿದವರು ಸಿಟ್ಟನ್ನು ಬಿಡಲಿಲ್ಲ. ಇದೇಕೆ?

ಏನಿದು ಕಥೆ?

ನೋಡದವರಿಗಾಗಿ ನಾಲ್ಕು ಮಾತು. ಅಮೆರಿಕದ ಲೇಖಕ ಜಾರ್ಜ್ ಆರ್.ಆರ್. ಮಾರ್ಟಿನ್ 1996ರಿಂದ ಪ್ರಕಟಿಸುತ್ತ ಬಂದಿರುವ ಕಾದಂಬರಿ ಮಾಲಿಕೆ ಇದರ ಮೂಲ. ವೆಸ್ಟರೋಸ್ ಎಂಬ ಕಲ್ಪಿತ ಭೂಖಂಡ, ಅಲ್ಲಿ ಏಳು ರಾಜ್ಯಗಳು, ಅವೆಲ್ಲಕ್ಕೂ ಒಂದೇ ಕಬ್ಬಿಣದ ಸಿಂಹಾಸನ. ಸೋತವರ ಕತ್ತಿಗಳನ್ನು ಕರಗಿಸಿ ಮಾಡಿದ ಆ ಆಸನಕ್ಕಾಗಿ ಹಲವು ಮನೆತನಗಳ ಕಾದಾಟ. ಉತ್ತರದ ಹಿಮದಾಚೆಯಿಂದ ಸತ್ತವರ ಸೇನೆಯೊಂದು ಬರುತ್ತಿದೆ. ಸಮುದ್ರದಾಚೆ ಡೆನೇರಿಸ್ ಎಂಬ ದೇಶಭ್ರಷ್ಟ ರಾಜಕುಮಾರಿ ಮೂರು ಡ್ರ್ಯಾಗನ್‌ಗಳನ್ನು ಸಾಕಿಕೊಂಡು, ಗುಲಾಮರನ್ನು ಬಿಡಿಸುತ್ತ, ತನ್ನ ಪೂರ್ವಜರ ಸಿಂಹಾಸನದ ಕಡೆಗೆ ಹೆಜ್ಜೆ ಹಾಕುತ್ತಿದ್ದಾಳೆ. ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್ ಎಂಬಿಬ್ಬರ ನೇತೃತ್ವದಲ್ಲಿ ಧಾರಾವಾಹಿ ಆರಂಭವಾದದ್ದು 2011ರ ಏಪ್ರಿಲ್ 17ರಂದು. ಮುಗಿಯಲು ಎಂಟು ವರ್ಷ ಹಿಡಿಯಿತು.

ಕೊನೆಯಲ್ಲಿ ಆದದ್ದಿಷ್ಟು. ಸತ್ತವರ ಸೇನೆಯ ಒಡೆಯನನ್ನು ಆರ್ಯಾ ಎಂಬ ಹುಡುಗಿ ಒಂದೇ ಇರಿತಕ್ಕೆ ಮುಗಿಸುತ್ತಾಳೆ. ರಾಜಧಾನಿ ಶರಣಾಗಿ ಗಂಟೆ ಬಾರಿಸಿದ ಮೇಲೂ ಡೆನೇರಿಸ್ ತನ್ನ ಡ್ರ್ಯಾಗನ್ ಏರಿ ಇಡೀ ಊರನ್ನು, ಮಕ್ಕಳು ಮರಿ ಎನ್ನದೆ, ಸುಟ್ಟುಹಾಕುತ್ತಾಳೆ. ಅವಳನ್ನು ಪ್ರೀತಿಸಿದ ಜಾನ್ ಸ್ನೋನೇ ಅವಳನ್ನು ಕೊಲ್ಲುತ್ತಾನೆ. ಡ್ರ್ಯಾಗನ್ ಸಿಂಹಾಸನವನ್ನು ಕರಗಿಸಿಬಿಡುತ್ತದೆ. ಉಳಿದ ಸಾಮಂತರು ಸೇರಿ, ನಡೆಯಲಾಗದ, ಎಲ್ಲವನ್ನೂ ಕಾಣಬಲ್ಲ ಬ್ರಾನ್ ಎಂಬ ತರುಣನನ್ನು ರಾಜನನ್ನಾಗಿ ಆರಿಸುತ್ತಾರೆ.

ಆರು ವಾರಗಳ ಅಸಮಾಧಾನ

ಸಿಟ್ಟು ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಕೊನೆಯ ಸೀಸನ್ನಿನಲ್ಲಿ ಇದ್ದದ್ದು ಆರೇ ಕಂತು. ಏಪ್ರಿಲ್ 28ರಂದು ಬಂದ ಮೂರನೆಯ ಕಂತು ಸತ್ತವರೊಡನೆ ನಡೆವ ಮಹಾಯುದ್ಧದ್ದು. ಉತ್ತರ ಐರ್ಲೆಂಡಿನ ಚಳಿಯಲ್ಲಿ 55 ರಾತ್ರಿ ಹೊರಾಂಗಣದಲ್ಲಿ ಚಿತ್ರಿಸಿದ ಕಂತದು. ‘ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ’ ಎಂದರು ಪ್ರೇಕ್ಷಕರು. ದೋಷ ಚಿತ್ರಣದಲ್ಲಿಲ್ಲ, ಜನ ತಮ್ಮ ಟಿ.ವಿ.ಯನ್ನು ಸರಿಯಾಗಿ ಹೊಂದಿಸಿಕೊಂಡಿಲ್ಲ ಎಂದರು ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್. ಮೇ 5ರ ಕಂತಿನಲ್ಲಿ, ಮಧ್ಯಯುಗದ ಔತಣದ ಮೇಜಿನ ಮೇಲೆ ಇಂದಿನ ಕಾಲದ ಕಾಫಿ ಲೋಟವೊಂದು ರಾಜಾರೋಷವಾಗಿ ಕುಳಿತಿತ್ತು. ಎರಡು ದಿನದೊಳಗೆ ವಾಹಿನಿ ಅದನ್ನು ಚಿತ್ರದಿಂದ ಅಳಿಸಿತು. ಲೋಟ ಹೋಯಿತು, ಅನುಮಾನ ಉಳಿಯಿತು. ಲೋಟ ಕಾಣದಷ್ಟು ಅವಸರ ಇವರಿಗೇಕೆ ಎಂದು ಜನ ಕೇಳತೊಡಗಿದರು. ಮೇ 12ರಂದು ಡೆನೇರಿಸ್ ರಾಜಧಾನಿಯನ್ನು ಸುಟ್ಟಾಗ ಆ ಅನುಮಾನವೇ ಆಕ್ರೋಶವಾಯಿತು.

ಪತ್ರಿಕೋದ್ಯಮದ ಡಿಪ್ಲೊಮಾ ತರಗತಿಯಲ್ಲಿ ನಮಗೆ ಮೊದಲು ಹೇಳಿಕೊಡುವುದು ಆರು ಪ್ರಶ್ನೆಗಳನ್ನು: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕರೆ ಸುದ್ದಿಯಾಗುತ್ತದೆ. ಕೊನೆಯ ಎರಡಕ್ಕೆ ಸಿಕ್ಕರೆ ಮಾತ್ರ ಓದುಗನಿಗೆ ಸಮಾಧಾನ. ಈ ಸೀಸನ್ನಿನ ಮೇಲೆ ಬಂದ ದೂರುಗಳಲ್ಲಿ ಗಟ್ಟಿಯಾದವನ್ನು ಬೇರ್ಪಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವು ‘ಏನು’ ಎಂಬುದರ ಮೇಲಿನ ದೂರುಗಳಲ್ಲ. ರಾಣಿ ಕ್ರೂರಿಯಾದಳೆಂದಲ್ಲ, ಇಷ್ಟಪಟ್ಟವರು ಸತ್ತರೆಂದಲ್ಲ. ‘ಏಕೆ’ ಮತ್ತು ‘ಹೇಗೆ’ ಎಂಬೆರಡನ್ನು ನಮಗೆ ತೋರಿಸಲಿಲ್ಲ ಎಂಬುದೇ ದೂರು.

ಇದೇ ಧಾರಾವಾಹಿಯ ಹಿಂದಿನ ಆಘಾತಗಳನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. 2011ರಲ್ಲಿ, ಮೊದಲ ಸೀಸನ್ನಿನ ಒಂಬತ್ತನೆಯ ಕಂತಿನಲ್ಲೇ, ಕಥಾನಾಯಕನೆಂದು ಎಲ್ಲರೂ ನಂಬಿದ್ದ ನೆಡ್ ಸ್ಟಾರ್ಕ್‌ನ ತಲೆ ಉರುಳಿತು. 2013ರ ಜೂನ್ 2ರಂದು ಅವನ ಮಗ ರಾಬ್, ಸೊಸೆ, ಹೆಂಡತಿ ಮದುವೆಯೊಂದರ ಊಟದ ಮನೆಯಲ್ಲೇ ಕೊಲೆಯಾದರು. ನೋಡುತ್ತಿದ್ದವರು ಚೀರಿದರು, ಅತ್ತರು, ಇನ್ನು ನೋಡುವುದಿಲ್ಲವೆಂದು ಆಣೆ ಇಟ್ಟರು. ಕಾದಂಬರಿ ಓದಿ ಮುಂದಿನದು ಗೊತ್ತಿದ್ದವರು, ಗೊತ್ತಿಲ್ಲದ ಗೆಳೆಯರ ಮುಖವನ್ನು ಗುಟ್ಟಾಗಿ ಚಿತ್ರಿಸಿಕೊಂಡರು. ಆದರೂ ಆಗ ಯಾರೂ ‘ಮತ್ತೆ ಬರೆಯಿರಿ’ ಎನ್ನಲಿಲ್ಲ. ಏಕೆಂದರೆ ಅಳು ನಿಂತ ಮೇಲೆ ಹಿಂದಿರುಗಿ ನೋಡಿದವರಿಗೆ ದಾರಿ ಕಾಣುತ್ತಿತ್ತು. ನೆಡ್ ತನಗೆ ತಿಳಿದ ಗುಟ್ಟನ್ನು ವೈರಿಯ ಎದುರೇ ಹೇಳಿ ಅವಳಿಗೆ ಸಮಯ ಕೊಟ್ಟಿದ್ದ. ರಾಬ್ ಮದುವೆಯಾಗುವೆನೆಂದು ಒಂದು ಮನೆಗೆ ಕೊಟ್ಟ ಮಾತನ್ನು ಮುರಿದಿದ್ದ. ಸಾವು ಅನ್ಯಾಯವಾಗಿತ್ತು, ಅಕಾರಣವಾಗಿರಲಿಲ್ಲ.

ದಾರಿ ಎಲ್ಲಿ ತಪ್ಪಿತು?

ಇದಕ್ಕೆ ಎರಡು ಕಾರಣಗಳನ್ನು ಕಾಣಬಹುದು. ಮೊದಲನೆಯದು, ಮೂಲ ಕೃತಿ ಹಿಂದುಳಿದದ್ದು. ಮಾರ್ಟಿನ್ ಅವರ ಐದನೆಯ ಸಂಪುಟ ಬಂದದ್ದು 2011ರಲ್ಲಿ, ಧಾರಾವಾಹಿ ಶುರುವಾದ ವರ್ಷವೇ. ಆರನೆಯದು ಇನ್ನೂ ಓದುಗರ ಕೈ ಸೇರಿಲ್ಲ. 2016ರ ಆರನೆಯ ಸೀಸನ್ನಿನ ಹೊತ್ತಿಗೆ ಧಾರಾವಾಹಿ ಪುಸ್ತಕಗಳನ್ನು ಬಹುಪಾಲು ದಾಟಿಹೋಗಿತ್ತು. ಅಲ್ಲಿಂದ ಮುಂದೆ ನಿರ್ಮಾಪಕರ ಬಳಿ ಇದ್ದದ್ದು ಲೇಖಕರಿಂದ ಕೇಳಿ ತಿಳಿದ ಕೆಲವು ಮುಖ್ಯ ಘಟ್ಟಗಳು. ಊರು ಗೊತ್ತಿತ್ತು, ದಾರಿಯನ್ನು ತಾವೇ ಹಾಕಬೇಕಿತ್ತು.

ಎರಡನೆಯದು ಅವಸರ. ಮೊದಲ ಆರು ಸೀಸನ್‌ಗಳಲ್ಲಿ ತಲಾ ಹತ್ತು ಕಂತು; ಏಳನೆಯದರಲ್ಲಿ ಏಳು; ಎಂಟನೆಯದರಲ್ಲಿ ಆರು. ವಾಹಿನಿ ಇನ್ನಷ್ಟು ಕಂತುಗಳಿಗೆ ಸಿದ್ಧವಿತ್ತು. ಇಷ್ಟೇ ಸಾಕೆಂದವರು ನಿರ್ಮಾಪಕರು. ಇದರ ಪರಿಣಾಮವನ್ನು ಪ್ರಯಾಣಗಳಲ್ಲಿ ಅಳೆಯಬಹುದು. ಮೊದಲ ಸೀಸನ್ನಿನಲ್ಲಿ ರಾಜಪರಿವಾರ ಉತ್ತರದ ಕೋಟೆಯಿಂದ ರಾಜಧಾನಿಗೆ ಹೋಗುವುದೇ ಒಂದು ಕಥೆ. ದಾರಿಯಲ್ಲಿ ಇಬ್ಬರು ಮಕ್ಕಳ ನಡುವೆ ನಡೆದ ಜಗಳ ಎರಡು ಮನೆತನಗಳ ನಡುವೆ ವೈರ ಬಿತ್ತುತ್ತದೆ. ಏಳನೆಯ ಸೀಸನ್ನಿಗೆ ಬಂದರೆ, ಹಿಮದಾಚೆ ಸಿಕ್ಕಿಬಿದ್ದವರ ಸುದ್ದಿ ಹಕ್ಕಿಯ ಮೂಲಕ ಭೂಖಂಡದ ಇನ್ನೊಂದು ತುದಿಗೆ ಹೋಗಿ, ಅಲ್ಲಿಂದ ಡ್ರ್ಯಾಗನ್‌ಗಳು ಹಾರಿ ಬಂದು ಅವರನ್ನು ಉಳಿಸುವುದು ಒಂದೇ ಕಂತಿನೊಳಗೆ ಮುಗಿಯುತ್ತದೆ. ಡ್ರ್ಯಾಗನ್ ಇರುವ ಕಥೆಯಲ್ಲಿ ದೂರದ ಲೆಕ್ಕವೇಕೆ ಎಂದು ನಗಬಹುದು. ಆದರೆ ಅದ್ಭುತ ಕಥೆಗೇ ಈ ಲೆಕ್ಕ ಹೆಚ್ಚು ಬೇಕು. ಡ್ರ್ಯಾಗನ್ ಇದೆ ಎಂದು ಒಪ್ಪಿಕೊಂಡ ಪ್ರೇಕ್ಷಕ, ಉಳಿದದ್ದೆಲ್ಲ ಲೋಕದ ನಿಯಮದಂತೆ ನಡೆಯುತ್ತದೆಂಬ ನಂಬಿಕೆಯ ಮೇಲೆ ಅದನ್ನು ಒಪ್ಪಿರುತ್ತಾನೆ.

ನಾವು ತಟ್ಟಿದ ಚಪ್ಪಾಳೆ

ಇನ್ನೊಂದು ಪಕ್ಷದ ವಾದವನ್ನೂ ಕೇಳಬೇಕು. ಡೆನೇರಿಸ್ ಒಮ್ಮೆಗೇ ಕ್ರೂರಿಯಾದಳೆನ್ನುವುದು ಸರಿಯಲ್ಲ ಎನ್ನುವವರು ಇದ್ದಾರೆ. ಅವರ ಬಳಿ ಪುರಾವೆಯೂ ಇದೆ. ಮೊದಲ ಸೀಸನ್ನಿನಲ್ಲೇ ಅವಳು ತನ್ನ ಗಂಡನ ಸಾವಿಗೆ ಕಾರಣಳಾದ ಹೆಂಗಸೊಬ್ಬಳನ್ನು ಜೀವಂತ ಸುಟ್ಟಿದ್ದಳು. ಗುಲಾಮರ ಒಡೆಯರು 163 ಮಕ್ಕಳನ್ನು ಕಂಬಕ್ಕೆ ಜಡಿದಾಗ, ಅವಳು ಲೆಕ್ಕಕ್ಕೆ ಲೆಕ್ಕವೆಂದು 163 ಒಡೆಯರನ್ನು ಜಡಿಸಿದ್ದಳು. ತನಗೆ ಮಂಡಿಯೂರದ ತಂದೆ ಮಗನನ್ನು ಒಟ್ಟಿಗೆ ಬೆಂಕಿಗೆ ಕೊಟ್ಟಿದ್ದಳು. ಆಗೆಲ್ಲ ಚಪ್ಪಾಳೆ ತಟ್ಟಿದವರು ಯಾರು? ನೋಡುತ್ತಿದ್ದವರೇ. ಸತ್ತವರು ಕೆಟ್ಟವರಾಗಿದ್ದರು, ಅವಳು ನಮ್ಮವಳಾಗಿದ್ದಳು. ಅವಳ ಬಿರುದಾದ ‘ಖಲೀಸಿ’ ಎಂಬ ಹೆಸರನ್ನು 2018ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಐನೂರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಇಡಲಾಗಿತ್ತು. ಮರುವರ್ಷವೇ ಖಲೀಸಿ ಊರು ಸುಟ್ಟಳು. ಆ ತಾಯ್ತಂದೆಯರಿಗೆ ಹೇಗಾಗಿರಬೇಡ!

ನನ್ನ ಮಟ್ಟಿಗೆ ಈ ಧಾರಾವಾಹಿಯ ತಿರುಳು ಇಲ್ಲಿದೆ. ಬಿಡುಗಡೆ ಮಾಡುವವರೆಂದು ನಾವು ಮೆರೆಸಿದವರು, ಅವರ ಹಿಂಸೆ ನಮ್ಮ ವೈರಿಗಳ ಮೇಲೆ ಇರುವಷ್ಟು ಕಾಲ ನಮಗೆ ನ್ಯಾಯವಾಗಿಯೇ ಕಾಣುತ್ತಾರೆ. ಬೆಂಕಿ ತಮ್ಮಂಥವರ ಬೀದಿಗೆ ಬಂದ ಮೇಲಷ್ಟೇ ಜನ ಬೆಚ್ಚುತ್ತಾರೆ. ಕೊನೆಯ ಕಂತಿನಲ್ಲಿ ಅವಳ ಮಂತ್ರಿ ಟಿರಿಯನ್ ಹೇಳುವುದರ ಸಾರಾಂಶವೂ ಇದೇ. ಇಪ್ಪತ್ತನೆಯ ಶತಮಾನದ ಚರಿತ್ರೆ ಓದಿದ ಯಾರಿಗೂ ಇದು ಕಟ್ಟುಕಥೆ ಅನಿಸದು. ಹಾಗಾಗಿ ಪ್ರೇಕ್ಷಕರ ಸಿಟ್ಟಿನಲ್ಲಿ ಸ್ವಲ್ಪ ಪಾಲು ತಮ್ಮ ಚಪ್ಪಾಳೆಯ ಮೇಲಿನ ನಾಚಿಕೆಯೂ ಇದ್ದಿರಬಹುದು.

ಆದರೆ ಇಷ್ಟು ದೊಡ್ಡ ಮಾತನ್ನು ಆಡಹೊರಟವರಿಗೆ ಹೊಣೆಯೂ ದೊಡ್ಡದು. ಕೆಟ್ಟವರನ್ನು ಸುಡುವ ರಾಣಿ, ಶರಣಾದ ಊರನ್ನು ಸುಡುವ ರಾಣಿಯಾಗುವ ನಡುವೆ ಒಂದು ದೀರ್ಘ ಹಾದಿ ಇದೆ. ಆ ಹಾದಿಯಲ್ಲಿ ನಮ್ಮನ್ನೂ ನಡೆಸಿದ್ದರೆ ನಾವು ನಮ್ಮನ್ನೇ ಕೇಳಿಕೊಳ್ಳುತ್ತಿದ್ದೆವು. ಗಂಟೆ ಬಾರಿಸಿದ ಕ್ಷಣಕ್ಕೂ ಬೆಂಕಿ ಬಿದ್ದ ಕ್ಷಣಕ್ಕೂ ನಡುವೆ ಅವಳ ಮುಖವನ್ನಷ್ಟೇ ತೋರಿಸಿ ಮುಗಿಸಿದ್ದರಿಂದ, ಪ್ರಶ್ನೆ ನಮ್ಮ ಕಡೆಗೆ ತಿರುಗದೆ ಬರಹಗಾರರ ಕಡೆಗೆ ತಿರುಗಿತು. ಕಳೆದುಹೋದದ್ದು ಇದು. ಅವಸರ ಕೆಡಿಸಿದ್ದು ರಂಜನೆಯನ್ನಷ್ಟೇ ಅಲ್ಲ, ಆ ಕಥೆ ಕೇಳಬೇಕಾಗಿದ್ದ ಪ್ರಶ್ನೆಯನ್ನೇ.

ಕಥೆ ಯಾರ ಸ್ವತ್ತು?

ಇನ್ನು ಸಹಿ ಸಂಗ್ರಹದ ವಿಷಯ. ಸಾನ್ಸಾಳ ಪಾತ್ರ ಮಾಡಿದ ನಟಿ ಸೋಫಿ ಟರ್ನರ್, ಹಗಲಿರುಳು ದುಡಿದ ಕಲಾವಿದರಿಗೂ ಕೆಲಸಗಾರರಿಗೂ ಇದು ಅಗೌರವ ಎಂದರು. ಮನವಿಯಲ್ಲಿ ಜನರ ಅಭಿಮಾನ ಕಾಣುತ್ತದೆ, ಆದರೆ ನಾವು ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ ಎಂದು ವಾಹಿನಿಯ ಕಾರ್ಯಕ್ರಮ ಮುಖ್ಯಸ್ಥ ಕೇಸಿ ಬ್ಲಾಯ್ಸ್ ಸ್ಪಷ್ಟಪಡಿಸಿದರು. ಅದೇ ಸೆಪ್ಟೆಂಬರಿನಲ್ಲಿ ಎಂಟನೆಯ ಸೀಸನ್ನಿಗೆ ಶ್ರೇಷ್ಠ ನಾಟಕೀಯ ಧಾರಾವಾಹಿಯ ಎಮ್ಮಿ ಸೇರಿ ಒಟ್ಟು 12 ಎಮ್ಮಿ ಪ್ರಶಸ್ತಿಗಳು ಬಂದವು. ಕೊನೆಯ ಕಂತಿನಲ್ಲೇ ಒಂದು ಸಣ್ಣ ಪ್ರಸಂಗವಿದೆ. ರಾಜನನ್ನು ಪ್ರಜೆಗಳೆಲ್ಲರೂ ಸೇರಿ ಆರಿಸಿದರೇನು ಎಂದು ಸ್ಯಾಮ್ ಎಂಬ ಪುಸ್ತಕಪ್ರೇಮಿ ಸಾಮಂತರ ಸಭೆಯಲ್ಲಿ ಕೇಳುತ್ತಾನೆ. ಸಾಮಂತರೆಲ್ಲ ಗೊಳ್ಳೆಂದು ನಗುತ್ತಾರೆ. ಹದಿನೆಂಟು ಲಕ್ಷ ಸಹಿಗಳಿಗೂ ಹೆಚ್ಚುಕಡಿಮೆ ಇದೇ ಉತ್ತರ ಸಿಕ್ಕಿತೆನ್ನಬಹುದು.

ಕಥೆ ಕೇಳುವವರು ಕಥೆಗಾರನ ಕೈ ಹಿಡಿದು ಎಳೆದದ್ದು ಇದೇ ಮೊದಲಲ್ಲ. 1893ರಲ್ಲಿ ಆರ್ಥರ್ ಕಾನನ್ ಡಾಯ್ಲ್ ತಮ್ಮ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೊಂದಾಗ ಸಾವಿರಾರು ಓದುಗರು ‘ಸ್ಟ್ರ್ಯಾಂಡ್’ ಪತ್ರಿಕೆಯ ಚಂದಾ ನಿಲ್ಲಿಸಿದರು. ಹತ್ತು ವರ್ಷದ ಬಳಿಕ, 1903ರಲ್ಲಿ, ಲೇಖಕರು ಅವನನ್ನು ಬದುಕಿಸಿ ತಂದರು.

ನಮ್ಮ ದೇಶದಲ್ಲೂ ಒಂದು ಉದಾಹರಣೆ ಇದೆ, ನಾವು ಅದನ್ನು ಮರೆತಿದ್ದೇವೆ. ರಮಾನಂದ ಸಾಗರ್ ಅವರ ‘ರಾಮಾಯಣ’ 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ದೂರದರ್ಶನದಲ್ಲಿ ಬಂತು. ಆ ಹೊತ್ತಿಗೆ ಬೀದಿಗಳು ಬಿಕೋ ಎನ್ನುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಧಾರಾವಾಹಿ ರಾಮ ಪಟ್ಟಾಭಿಷೇಕಕ್ಕೆ ಮುಗಿಯುತ್ತದೆಂದು ತಿಳಿದಾಗ ಪಂಜಾಬಿನ ಜಲಂಧರದ ಪೌರಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. ಅವರ ಬೇಡಿಕೆ ಉತ್ತರಕಾಂಡವನ್ನೂ ತೋರಿಸಬೇಕೆಂಬುದು. ವಾಲ್ಮೀಕಿಯನ್ನು ಗುರುವೆಂದು ಪೂಜಿಸುವ ಸಮುದಾಯ ಅವರದು. ತೊರೆಯಲ್ಪಟ್ಟ ಸೀತೆಗೆ ಆಸರೆ ಕೊಟ್ಟು, ಕುಶಲವರನ್ನು ಬೆಳೆಸಿದವನು ವಾಲ್ಮೀಕಿ. ಆ ಭಾಗವನ್ನು ಲಕ್ಷ್ಮೀಶನ ‘ಜೈಮಿನಿ ಭಾರತ’ದ ಮೂಲಕ ಕನ್ನಡಿಗರೂ ಬಲ್ಲರು. ಅದನ್ನು ಬಿಟ್ಟರೆ ಕಥೆಯಿಂದ ತಮ್ಮ ಗುರುವನ್ನೇ ಬಿಟ್ಟಂತೆ ಎಂಬುದು ಅವರ ಅಳಲು. ಸರ್ಕಾರ ಮಣಿಯಿತು. ಅದೇ ವರ್ಷದ ಕೊನೆಗೆ ಉತ್ತರ ರಾಮಾಯಣ ಪ್ರಸಾರಕ್ಕೆ ಬಂತು.

ಹದಿನೆಂಟು ಲಕ್ಷ ಸಹಿಗೆ ಆಗದ್ದು ಪೊರಕೆ ಕೆಳಗಿಟ್ಟ ಕೈಗಳಿಗೆ ಆಯಿತು. ಪೊರಕೆ ನಿಂತರೆ ಊರು ನಾರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ವ್ಯತ್ಯಾಸವೂ ಇದೆ. ಜಲಂಧರದವರು ಕೇಳಿದ್ದು ಬಿಟ್ಟುಹೋದ ಕಥೆಯನ್ನು, ಎಲ್ಲರಿಗೂ ಸೇರಿದ ಪುರಾಣದ ಒಂದು ಕಾಂಡವನ್ನು. ಅಮೆರಿಕದವರು ಕೇಳಿದ್ದು ಆಗಿಹೋದ ಕೆಲಸವನ್ನು ಅಳಿಸಿ ಬೇರೆ ಮಾಡಿಕೊಡಿ ಎಂದು. ಮೊದಲನೆಯದು ಹಕ್ಕಿನ ಮಾತು. ಎರಡನೆಯದನ್ನು ಹಕ್ಕೆನ್ನಲು ನನಗೆ ಮನಸ್ಸಿಲ್ಲ. ಸಹಿಯ ಎಣಿಕೆಯ ಮೇಲೆ ಅಂತ್ಯ ಬರೆಯಹೊರಟರೆ 2011ರಲ್ಲಿ ನೆಡ್ ಸ್ಟಾರ್ಕ್ ಸಾಯುತ್ತಿರಲಿಲ್ಲ. ಆಗ ಈ ಧಾರಾವಾಹಿಯನ್ನು ಇಷ್ಟು ಜನ ನೋಡುತ್ತಲೂ ಇರಲಿಲ್ಲ.

ಹಾಗಾದರೆ ಪ್ರೇಕ್ಷಕನಿಗೆ ಸಲ್ಲಬೇಕಾದದ್ದೇನು? ಅವನು ಎಂಟು ವರ್ಷ ಕಾದಿದ್ದಾನೆ, ಕಂತಿನಿಂದ ಕಂತಿಗೆ ಊಹೆ ಕಟ್ಟಿದ್ದಾನೆ, ನೂರಾರು ಹೆಸರುಗಳನ್ನು ನೆನಪಿಟ್ಟಿದ್ದಾನೆ. ಇದೆಲ್ಲ ಅವನು ಕಥೆಗಾರನಿಗೆ ಕೊಟ್ಟ ಸಾಲ. ಅದಕ್ಕೆ ಬದಲಾಗಿ ಅವನಿಗೆ ಸುಖಾಂತ್ಯ ಸಲ್ಲಬೇಕಿಲ್ಲ, ಅವನು ಬಯಸಿದ ರಾಜ ಗದ್ದುಗೆ ಏರಬೇಕಾಗಿಯೂ ಇಲ್ಲ. ಆದದ್ದು ಏಕಾಯಿತು ಎಂಬ ಕಾರಣ ಮಾತ್ರ ಸಲ್ಲಲೇಬೇಕು. ಅದನ್ನು ಕೇಳಿ ದನಿ ಎತ್ತುವುದು ಅಧಿಕಪ್ರಸಂಗವಲ್ಲ, ಕಥೆಯನ್ನು ಗಂಭೀರವಾಗಿ ತೆಗೆದುಕೊಂಡವರ ಲಕ್ಷಣ.

ಮುನಿಸು ಆ ಲೋಕದ ಬಾಗಿಲನ್ನು ಮುಚ್ಚಲಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. 2022ರ ಆಗಸ್ಟ್ 21ರಂದು ಅದೇ ಲೋಕದ ಹಿಂದಿನ ಕಥೆ ಹೇಳುವ ‘ಹೌಸ್ ಆಫ್ ದಿ ಡ್ರ್ಯಾಗನ್’ ಆರಂಭವಾದಾಗ ಮೊದಲ ರಾತ್ರಿಯೇ ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಜನ ಮರಳಿ ಬಂದು ಕುಳಿತರು. 2024ರ ಆಗಸ್ಟ್ 4ರಂದು ಅದರ ಎರಡನೆಯ ಸೀಸನ್ ಎಂಟನೆಯ ಕಂತಿಗೇ ಮುಗಿದಾಗ ಮತ್ತೆ ಗೊಣಗಾಟ. ಈ ಬಾರಿಯ ದೂರು ಅವಸರದ್ದಲ್ಲ. ಯುದ್ಧಕ್ಕೆ ಸಜ್ಜಾದ ಸೇನೆಗಳನ್ನು ತೋರಿಸಿ, ಯುದ್ಧ ಶುರುವಾಗುವ ಮುನ್ನವೇ ತೆರೆ ಎಳೆದರೆಂದು. ಮರುತಿಂಗಳು ಸ್ವತಃ ಮಾರ್ಟಿನ್ ಅವರೇ, ತಮ್ಮ ಪುಸ್ತಕದ ಒಂದು ಮಗುವಿನ ಪಾತ್ರವನ್ನು ಕೈಬಿಟ್ಟರೆ ಮುಂದೆ ಏನೇನು ತಪ್ಪುತ್ತದೆಂದು ಬಹಿರಂಗವಾಗಿ ಬರೆದು, ಬಳಿಕ ಆ ಬರಹವನ್ನು ಹಿಂತೆಗೆದುಕೊಂಡರು. ಅವರ ಆಕ್ಷೇಪವೂ ಕಾರಣ ಮತ್ತು ಪರಿಣಾಮದ ಸರಪಳಿಯ ಬಗ್ಗೆಯೇ ಇತ್ತು. ಮೂಲ ಲೇಖಕ ಬಂದು ಪ್ರೇಕ್ಷಕರ ಸಾಲಿನಲ್ಲಿ ನಿಂತಂತಾಯಿತು.

ಮಾರ್ಟಿನ್ ಅವರ ಮಾಲಿಕೆಯಲ್ಲಿ ಇನ್ನೂ ಎರಡು ಸಂಪುಟಗಳು ಬರಬೇಕಿವೆ. ಅವು ಬಂದ ದಿನ, ಅಲ್ಲಿಯೂ ರಾಣಿ ಊರು ಸುಡಬಹುದು, ಅಲ್ಲಿಯೂ ನಡೆಯಲಾಗದ ಹುಡುಗ ರಾಜನಾಗಬಹುದು. ಪುಟ ಪುಟವಾಗಿ ಆ ದಾರಿಯನ್ನು ನಡೆದು ಬಂದ ಓದುಗರು ಅದೇ ಅಂತ್ಯವನ್ನು ಒಪ್ಪಿಕೊಂಡರೆ, 2019ರ ಪ್ರೇಕ್ಷಕರ ಮುನಿಸು ಸರಿಯಾದ ಕಾರಣಕ್ಕೇ ಹುಟ್ಟಿತ್ತೆಂದು ಆಗ ಗೊತ್ತಾಗುತ್ತದೆ.